ಹದಿನಾಲ್ಕು ಕೌಂಟಿಗಳ ನ್ಯಾಯಾಧೀಶ: ಇಲಿನಾಯ್‌ನಲ್ಲಿ ಡೇವಿಡ್ ಡೇವಿಸ್‌ನ ಹಾದಿ

ಅಬ್ರಹಾಂ ಲಿಂಕನ್‌ನ ಊರು ನೋಡಬೇಕೆಂದು ಇಲಿನಾಯ್ ರಾಜ್ಯಕ್ಕೆ ಬರುವವರು ಸಾಮಾನ್ಯವಾಗಿ ಶಿಕಾಗೊದಲ್ಲಿ ಇಳಿದು, ನೇರ ಸ್ಪ್ರಿಂಗ್‌ಫೀಲ್ಡ್‌ಗೆ ಹೋಗಿ, ಅವನ ಮನೆ ಮತ್ತು ಸಮಾಧಿ ನೋಡಿಕೊಂಡು ಬಂದ ದಾರಿಯಲ್ಲೇ ಮರಳುತ್ತಾರೆ. ನಡುವೆ ಸಿಗುವ ಬ್ಲೂಮಿಂಗ್ಟನ್‌ನಲ್ಲಿ ಗಾಡಿ ನಿಲ್ಲಿಸುವವರು ಕಡಿಮೆ. ಲಿಂಕನ್ ವಾದ ಮಾಡುತ್ತಿದ್ದ ಕೋರ್ಟಿನ ನ್ಯಾಯಾಧೀಶ, ಆಮೇಲೆ ಅವನ ಅಧ್ಯಕ್ಷೀಯ ಉಮೇದುವಾರಿಕೆಯ ಸೂತ್ರಧಾರ, ಕೊನೆಗೆ ಅವನ ಆಸ್ತಿಯ ಲೆಕ್ಕ ಚುಕ್ತಾ ಮಾಡಿದ ಆಡಳಿತಗಾರ, ಈ ಮೂರೂ ಆಗಿದ್ದ ಡೇವಿಡ್ ಡೇವಿಸ್ ಮನೆ ಮಾಡಿಕೊಂಡಿದ್ದು ಆ ಊರಿನಲ್ಲಿ, 1836ರಿಂದ 1886ರವರೆಗೆ. ವಕೀಲ, ಶಾಸಕ, ಊರಿಂದೂರಿಗೆ ಸುತ್ತುವ ಸರ್ಕಿಟ್ ಕೋರ್ಟಿನ ನ್ಯಾಯಾಧೀಶ, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ, ಸೆನೆಟರ್ ಹೀಗೆ ಒಂದಾದ ಮೇಲೊಂದು ಕುರ್ಚಿಯಲ್ಲಿ ಕುಳಿತ ಈ ಮನುಷ್ಯ ಹೇಗಿದ್ದ ಎಂದು ತಿಳಿಯಲು ಅವನ ಬಂಗಲೆಯೊಂದೇ ಸಾಲದು. ಹದಿನಾಲ್ಕು ವರ್ಷ ಅವನು ಕುದುರೆಗಾಡಿಯಲ್ಲಿ ಅಲೆದ ಹಾದಿಯನ್ನೂ ಹಿಡಿಯಬೇಕು. ಬಂಗಲೆಯನ್ನು ಕಡೆಗೆ ಇಟ್ಟುಕೊಳ್ಳುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾದಿಯ ಕೆಸರು ಕಂಡವರಿಗೆ ಆ ಮನೆಯ ಬಿಸಿನೀರಿನ ನಲ್ಲಿಯ ಬೆಲೆ ಗೊತ್ತಾಗುತ್ತದೆ.

ಇದಕ್ಕೆ ಮೂರು ದಿನ ಬೇಕು, ಬಾಡಿಗೆ ಕಾರು ಬೇಕು, ತಂಗುವುದು ಬ್ಲೂಮಿಂಗ್ಟನ್‌ನಲ್ಲಿ. ಶಿಕಾಗೊದಿಂದ ಐ-55 ಹೆದ್ದಾರಿಯಲ್ಲಿ ಸುಮಾರು 215 ಕಿಲೋಮೀಟರ್, ಎರಡೂವರೆ ಗಂಟೆಯ ದಾರಿ. ಈ ಹೆದ್ದಾರಿಗೆ ಟೋಲ್ ಇಲ್ಲ. ಆದರೆ ಓ'ಹೇರ್ ವಿಮಾನ ನಿಲ್ದಾಣದಿಂದ ಊರು ಬಳಸುವ ಐ-294 ಹಿಡಿದರೆ ಟೋಲ್ ಬೀಳುತ್ತದೆ. ಅಲ್ಲಿ ನಗದು ಪಡೆಯುವ ಕಟ್ಟೆಗಳಿಲ್ಲ, ಆಮೇಲೆ ಆನ್‌ಲೈನ್‌ನಲ್ಲಿ ಕಟ್ಟಬೇಕು. ಬಾಡಿಗೆ ಕಂಪನಿಗಳು ಇದಕ್ಕೆ ತಮ್ಮದೇ ಶುಲ್ಕ ಸೇರಿಸುವುದುಂಟು, ಕಾರು ಪಡೆಯುವಾಗಲೇ ಕೇಳಿಕೊಳ್ಳಿ. ನಕ್ಷೆಯಲ್ಲಿ ಬರೀ ‘ಬ್ಲೂಮಿಂಗ್ಟನ್’ ಎಂದು ಹಾಕಿದರೆ ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್ ತೋರಿಸಿದರೂ ತೋರಿಸೀತು. ಅದು ಬೇರೆಯೇ ಊರು, ಬೇರೆಯೇ ದಿಕ್ಕು. ರೈಲಿನಲ್ಲಿ ಬರುವವರಿಗೆ ಶಿಕಾಗೊ ಯೂನಿಯನ್ ಸ್ಟೇಷನ್‌ನಿಂದ ಸೇಂಟ್ ಲೂಯಿ ಕಡೆಗೆ ಹೋಗುವ ಆಮ್‌ಟ್ರ್ಯಾಕ್ ಗಾಡಿಗಳಿವೆ. ನಿಲ್ದಾಣ ಇರುವುದು ಬ್ಲೂಮಿಂಗ್ಟನ್‌ಗೆ ಅಂಟಿಕೊಂಡ ನಾರ್ಮಲ್ ಎಂಬ ಊರಿನಲ್ಲಿ. ಅದೇ ಗಾಡಿ ಮುಂದೆ ಲಿಂಕನ್ ಪಟ್ಟಣದಲ್ಲೂ ಸ್ಪ್ರಿಂಗ್‌ಫೀಲ್ಡ್‌ನಲ್ಲೂ ನಿಲ್ಲುತ್ತದೆ. ಆದರೆ ಹಳೆಯ ಕೋರ್ಟುಮನೆಗಳು ಉಳಿದಿರುವ ಮೆಟಮೋರಾ, ಮೌಂಟ್ ಪುಲಾಸ್ಕಿಗಳಿಗೆ ರೈಲಿಲ್ಲ.

ಹೊರಡುವ ಮೊದಲು ಶಿಕಾಗೊದಲ್ಲೇ ಒಂದು ಜಾಗ ನೋಡಬೇಕು. ನದಿಯ ಪಕ್ಕ ಲೇಕ್ ಸ್ಟ್ರೀಟ್ ಮತ್ತು ವ್ಯಾಕರ್ ಡ್ರೈವ್ ಸೇರುವ ಮೂಲೆ. ಈಗ ಅಲ್ಲಿ ಎತ್ತರದ ಕಟ್ಟಡಗಳು. 1860ರ ಮೇ ತಿಂಗಳಲ್ಲಿ ಅಲ್ಲಿ ‘ವಿಗ್‌ವಾಮ್’ ಎಂಬ ಮರದ ಸಭಾಂಗಣ ಎದ್ದಿತ್ತು, ರಿಪಬ್ಲಿಕನ್ ಪಕ್ಷದ ಸಮಾವೇಶಕ್ಕೆಂದೇ ಕಟ್ಟಿದ್ದು. ಅಧ್ಯಕ್ಷೀಯ ಉಮೇದುವಾರ ನ್ಯೂಯಾರ್ಕ್‌ನ ವಿಲಿಯಂ ಸೀವರ್ಡ್ ಎಂದೇ ಎಲ್ಲರೂ ತಿಳಿದಿದ್ದರು. ಡೇವಿಸ್ ಟ್ರೆಮಾಂಟ್ ಹೌಸ್ ಹೋಟೆಲಿನಲ್ಲಿ ಬಿಡಾರ ಹೂಡಿ ಲಿಂಕನ್ ಪರ ಕೆಲಸ ನಡೆಸಿದ. ಹಣವಿರಲಿಲ್ಲ, ದೊಡ್ಡ ಸಂಘಟನೆಯೂ ಇರಲಿಲ್ಲ. ಇದ್ದದ್ದು ಸರ್ಕಿಟ್‌ನ ಹಾದಿಯಲ್ಲಿ ವರ್ಷಗಟ್ಟಲೆ ಜತೆಗೆ ಉಂಡು ಮಲಗಿದ್ದ ವಕೀಲರ ಗುಂಪು. ಒಬ್ಬೊಬ್ಬನನ್ನು ಅವನಿಗೆ ಪರಿಚಯವಿದ್ದ ರಾಜ್ಯದ ಪ್ರತಿನಿಧಿಗಳ ಬಳಿಗೆ ಅಟ್ಟಿದ. ಕೇಳಿದ್ದು ಒಂದೇ: ಮೊದಲ ಆಯ್ಕೆ ಯಾರಾದರೂ ಆಗಲಿ, ಎರಡನೆಯ ಆಯ್ಕೆ ಲಿಂಕನ್ ಆಗಲಿ. ತನ್ನನ್ನು ಕಟ್ಟಿಹಾಕುವ ಯಾವ ಒಪ್ಪಂದವನ್ನೂ ಮಾಡಬೇಡಿ ಎಂದು ಲಿಂಕನ್ ಸ್ಪ್ರಿಂಗ್‌ಫೀಲ್ಡ್‌ನಿಂದ ಚೀಟಿ ಕಳಿಸಿದ್ದ. ಡೇವಿಸ್ ಪೆನ್ಸಿಲ್ವೇನಿಯಾ, ಇಂಡಿಯಾನಾದವರಿಗೆ ಏನು ಮಾತು ಕೊಟ್ಟ ಎಂಬುದು ಇಂದಿಗೂ ಚರ್ಚೆಯ ವಿಷಯ; ಆ ಎರಡು ರಾಜ್ಯಗಳ ಸೈಮನ್ ಕ್ಯಾಮರಾನ್ ಮತ್ತು ಕೇಲೆಬ್ ಸ್ಮಿತ್ ಲಿಂಕನ್‌ನ ಮೊದಲ ಸಂಪುಟದಲ್ಲಿ ಇದ್ದದ್ದಂತೂ ನಿಜ. ಗೆಲ್ಲಲು 233 ಮತ ಬೇಕಿತ್ತು. ಮೊದಲ ಸುತ್ತಿನಲ್ಲಿ ಸೀವರ್ಡ್‌ಗೆ 173½, ಲಿಂಕನ್‌ಗೆ 102. ಎರಡನೆಯದರಲ್ಲಿ 184½ ಮತ್ತು 181. ಮೂರನೆಯದರಲ್ಲಿ ಲಿಂಕನ್ 231½ಕ್ಕೆ ಬಂದು ನಿಂತಾಗ ಒಹಾಯೊ ಪ್ರತಿನಿಧಿಗಳು ಮತ ಬದಲಿಸಿದರು, ಕೆಲಸ ಮುಗಿಯಿತು. ಈ ಮೂಲೆಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ, ನಡೆದೇ ಬನ್ನಿ. ಹತ್ತು ನಿಮಿಷ ಸಾಕು.

ಈಗ ಸರ್ಕಿಟ್‌ನ ವಿಷಯ. ಡೇವಿಸ್ ಹುಟ್ಟಿದ್ದು 1815ರ ಮಾರ್ಚ್ 9ರಂದು, ಗುಲಾಮಗಿರಿ ಕಾನೂನುಬದ್ಧವಾಗಿದ್ದ ಮೇರಿಲ್ಯಾಂಡ್ ರಾಜ್ಯದ ಸೆಸಿಲ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ವಿಭಾಗ). ಹುಟ್ಟುವ ಮೊದಲೇ ತಂದೆ ತೀರಿಹೋಗಿದ್ದ. ಒಹಾಯೊದ ಕೆನ್ಯನ್ ಕಾಲೇಜಿನಲ್ಲಿ 1832ರಲ್ಲಿ ಪದವಿ, ಮ್ಯಾಸಚೂಸೆಟ್ಸ್‌ನ ಲೆನಾಕ್ಸ್‌ನಲ್ಲಿ ವಕೀಲರೊಬ್ಬರ ಕೈಕೆಳಗೆ ಅಭ್ಯಾಸ, ನ್ಯೂ ಹೇವನ್‌ನಲ್ಲಿ ಕಾನೂನು ಶಾಲೆ. 1835ರಲ್ಲಿ ಇಲಿನಾಯ್‌ನ ಪೀಕಿನ್‌ಗೆ ಬಂದು, ಮರುವರ್ಷ ಬ್ಲೂಮಿಂಗ್ಟನ್‌ನಲ್ಲಿ ಜೆಸ್ಸಿ ಫೆಲ್ ಎಂಬುವನ ವಕೀಲಿಯನ್ನು ಕೊಂಡುಕೊಂಡ. 1844ರಲ್ಲಿ ರಾಜ್ಯದ ಶಾಸನಸಭೆಗೆ ಆಯ್ಕೆಯಾದ. 1847ರಲ್ಲಿ ರಾಜ್ಯ ಸಂವಿಧಾನವನ್ನು ಹೊಸದಾಗಿ ಬರೆದ ಸಭೆಯಲ್ಲಿ ಕುಳಿತು, ನ್ಯಾಯಾಧೀಶರನ್ನು ಜನರೇ ಚುನಾಯಿಸಬೇಕೆಂದು ವಾದಿಸಿದ. ನಮ್ಮ ಕಡೆ ನ್ಯಾಯಾಧೀಶರು ಮತ ಕೇಳುವುದಿಲ್ಲ, ಆದ್ದರಿಂದ ಇದು ಓದುಗರಿಗೆ ವಿಚಿತ್ರವೆನಿಸಬಹುದು. ಅಲ್ಲಿ ಅದು ಜಾರಿಗೆ ಬಂದು, 1848ರಲ್ಲಿ ಅವನೇ ಎಂಟನೆಯ ಸರ್ಕಿಟ್‌ಗೆ ಚುನಾಯಿತನಾದ. 1862ರವರೆಗೆ ಆ ಪೀಠದಲ್ಲಿದ್ದ. ಸಂಬಳ ವರ್ಷಕ್ಕೆ 1,000 ಡಾಲರ್.

ಸರ್ಕಿಟ್ ಎಂದರೆ ಸರದಿಯ ಕೋರ್ಟು. ಒಂದೊಂದು ಕೌಂಟಿಗೂ ಪ್ರತ್ಯೇಕ ನ್ಯಾಯಾಧೀಶನನ್ನು ಇಡುವಷ್ಟು ಮೊಕದ್ದಮೆಗಳೂ ಇರಲಿಲ್ಲ, ಹಣವೂ ಇರಲಿಲ್ಲ. ಹಾಗಾಗಿ ನ್ಯಾಯಾಧೀಶನೇ ವರ್ಷಕ್ಕೆ ಎರಡು ಸಲ, ವಸಂತದಲ್ಲೊಮ್ಮೆ ಶರತ್ತಿನಲ್ಲೊಮ್ಮೆ, ಕೌಂಟಿಯಿಂದ ಕೌಂಟಿಗೆ ಸುತ್ತಬೇಕು. ವಕೀಲರು ಅವನ ಹಿಂದೆ ಹೋಗಬೇಕು. ಡೇವಿಸ್ ಪೀಠಕ್ಕೆ ಬಂದ ಕಾಲದಲ್ಲಿ ಹದಿನಾಲ್ಕು ಕೌಂಟಿಗಳಿದ್ದವು, ಒಂದು ಸುತ್ತಿಗೆ 400 ಮೈಲಿಗೂ ಹೆಚ್ಚು, ಅಂದರೆ 650 ಕಿಲೋಮೀಟರ್ ದಾಟುತ್ತಿತ್ತು. ಮುಗಿಯಲು ಎರಡೂವರೆ ಮೂರು ತಿಂಗಳು. ಜನಸಂಖ್ಯೆ, ರೈಲು, ಮೊಕದ್ದಮೆ ಹೆಚ್ಚಾದಂತೆ 1853ರಲ್ಲಿ ಎಂಟು ಕೌಂಟಿಗೆ, 1857ರಲ್ಲಿ ಐದಕ್ಕೆ ಇಳಿಸಿದರು. ಡೇವಿಸ್‌ನ ತೂಕ ಸುಮಾರು 300 ಪೌಂಡ್, ಎಂದರೆ 135 ಕಿಲೋ. ಒಂಟಿ ಕುದುರೆ ಅವನನ್ನು ಎಳೆಯಲಾರದೆಂದು ಜೋಡಿ ಕುದುರೆಯ ಗಾಡಿ ಇಟ್ಟಿದ್ದ. ಛತ್ರದಂಥ ಹೋಟೆಲುಗಳಲ್ಲಿ ವಕೀಲರು ಹಾಸಿಗೆಗೆ ಇಬ್ಬರಂತೆ ಮಲಗುತ್ತಿದ್ದರು. ನ್ಯಾಯಾಧೀಶನಿಗೆ ಮಾತ್ರ ಗಾತ್ರದ ಕಾರಣದಿಂದಲೂ ಒಂದು ಹಾಸಿಗೆ ಪೂರ್ತಿ. ಹೆಂಡತಿ ಸಾರಾಳಿಗೆ ಅವನು ಬರೆದ ಪತ್ರಗಳು ಉಳಿದಿವೆ. ಕೆಟ್ಟ ಊಟ, ಕೊಳಕು ಹಾಸಿಗೆ, ದಾಟಲಾಗದ ಹಳ್ಳಗಳ ದೂರು ಅವುಗಳ ತುಂಬ ಇದೆ.

ಆ ದೂರು ನ್ಯಾಯವಾದದ್ದೇ ಎಂದು ತಿಳಿಯಲು ಒಂದು ಮಳೆ ಸಾಕು. ಮಧ್ಯ ಇಲಿನಾಯ್‌ನ ನೆಲ ಕಪ್ಪು. ನೆಂದರೆ ಧಾರವಾಡ ಕಡೆಯ ಎರೆಮಣ್ಣಿನ ಹಾಗೆ ಕಾಲಿಗೂ ಗಾಲಿಗೂ ಮೆತ್ತಿಕೊಳ್ಳುತ್ತದೆ. ಈಗಿನ ಮುಖ್ಯ ರಸ್ತೆಗಳು ಡಾಂಬರಿನವು. ಆದರೆ ಕೌಂಟಿ ಗಡಿಯ ಗುರುತುಕಲ್ಲು ಹುಡುಕಿಕೊಂಡು ಒಳರಸ್ತೆಗೆ ಇಳಿದರೆ ಅಂಚಿನಲ್ಲಿ ಕಾರು ನಿಲ್ಲಿಸಬೇಡಿ, ಮೆದು ಮಣ್ಣಿನಲ್ಲಿ ಗಾಲಿ ಹೂತುಹೋಗುತ್ತದೆ. ಈ ಕಲ್ಲುಗಳನ್ನು 1920ರ ದಶಕದ ಆರಂಭದಲ್ಲಿ ‘ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್’ ಎಂಬ ಮಹಿಳಾ ಸಂಘ ಸರ್ಕಿಟ್‌ನ ಹಾದಿ ಗುರುತಿಸಲು ನಿಲ್ಲಿಸಿತು. ಗಡಿಗಳಲ್ಲೂ ಕೋರ್ಟಿನ ಚೌಕಗಳಲ್ಲೂ ಕಾಣಸಿಗುತ್ತವೆ. ಬರಲು ಒಳ್ಳೆಯ ಕಾಲ ಮೇ ಮತ್ತು ಅಕ್ಟೋಬರ್. ಕೋರ್ಟು ಸುತ್ತುತ್ತಿದ್ದದ್ದೂ ಹೆಚ್ಚುಕಡಿಮೆ ಅದೇ ಕಾಲ. ಜುಲೈ, ಆಗಸ್ಟ್‌ನಲ್ಲಿ ಮೆಕ್ಕೆಜೋಳ ಆಳೆತ್ತರ ಮೀರಿ ಬೆಳೆದು ಹಳ್ಳಿಯ ನಾಲ್ಕುದಾರಿಗಳಲ್ಲಿ ಅಡ್ಡ ಬರುವ ವಾಹನ ಕಾಣುವುದಿಲ್ಲ, ಅಲ್ಲಿ ಪೂರ್ತಿ ನಿಲ್ಲಿಸಿಯೇ ಮುಂದೆ ಹೋಗಬೇಕು. ಅಕ್ಟೋಬರ್‌ನಲ್ಲಿ ಕಟಾವಿನ ಯಂತ್ರಗಳು ರಸ್ತೆಯ ಅರ್ಧಕ್ಕಿಂತ ಹೆಚ್ಚು ಜಾಗ ಹಿಡಿದು ನಿಧಾನವಾಗಿ ಹೋಗುತ್ತಿರುತ್ತವೆ. ಮುಂಬದಿ ಕಾಣದೆ ಹಿಂದಿಕ್ಕಲು ಹೋಗಬಾರದು. ಸಂಜೆ ಕತ್ತಲಾಗುವ ಹೊತ್ತಿಗೆ ಜಿಂಕೆಗಳು ರಸ್ತೆಗೆ ಹಾರುತ್ತವೆ. ಐದು ಗಂಟೆಯೊಳಗೆ ಊರು ಸೇರಿಕೊಳ್ಳುವುದು ಕ್ಷೇಮ.

ಮೊದಲ ದಿನ ಮೆಟಮೋರಾ. ಬ್ಲೂಮಿಂಗ್ಟನ್‌ನಿಂದ ವಾಯವ್ಯಕ್ಕೆ ಸುಮಾರು 50 ಕಿಲೋಮೀಟರ್, ಯುರೇಕಾ ಊರಿನ ಮೇಲೆ ಹೋಗಬೇಕು. ಎಂಟನೆಯ ಸರ್ಕಿಟ್‌ನ ಹಳೆಯ ಕೋರ್ಟುಮನೆಗಳಲ್ಲಿ ಇದ್ದ ಜಾಗದಲ್ಲೇ ಉಳಿದುಕೊಂಡಿರುವುದು ಎರಡೇ. ಅದರಲ್ಲಿ ಇದೊಂದು, 1845ರ ಇಟ್ಟಿಗೆ ಕಟ್ಟಡ. 1896ರಲ್ಲಿ ಕೌಂಟಿಯ ಕೇಂದ್ರ ಯುರೇಕಾಗೆ ಹೋದ ಮೇಲೆ ಕೋರ್ಟು ನಡೆಯುವುದು ನಿಂತಿತು. ಹೀಗೆ ಕೇಂದ್ರ ಕೈತಪ್ಪಿದ ಊರುಗಳಲ್ಲೇ ಹಳೆಯ ಕಟ್ಟಡ ಉಳಿದಿರುವುದು. ಬೆಳೆದ ಊರುಗಳು ಹಳೆಯದನ್ನು ಕೆಡವಿ ದೊಡ್ಡದು ಕಟ್ಟಿದವು. ಕೆಳಗೆ ಕಚೇರಿಗಳು, ಮಹಡಿಯಲ್ಲಿ ನ್ಯಾಯಾಲಯ. ಮಹಡಿಯ ಕೋಣೆಯಲ್ಲಿ ನ್ಯಾಯಾಧೀಶನ ಪೀಠ, ವಕೀಲರ ಮೇಜು, ಜ್ಯೂರಿಯ ಆಸನ ಎಲ್ಲವೂ ಕೈಗೆಟುಕುವಷ್ಟು ಹತ್ತಿರ. ಸಾಕ್ಷಿ ಪಿಸುಗುಟ್ಟಿದರೂ ಎಲ್ಲರಿಗೂ ಕೇಳುವ ಅಳತೆ. ಪೀಠದ ಮೇಲೆ ಡೇವಿಸ್‌ನಂಥ ದೊಡ್ಡ ಮೈಯ ಮನುಷ್ಯನನ್ನು ಕೂರಿಸಿ ನೋಡಿ, ಕೋಣೆ ಇನ್ನಷ್ಟು ಕಿರಿದಾಗುತ್ತದೆ.

ಹೊರಗೆ ಚೌಕದಲ್ಲಿ ಲಿಂಕನ್ ಮತ್ತು ಮೆಲಿಸ್ಸಾ ಗೋಯಿಂಗ್ಸ್ ಎಂಬ ಮುದುಕಿಯ ಪ್ರತಿಮೆಗಳಿವೆ. ಗಂಡನನ್ನು ಕೊಂದ ಆರೋಪ ಹೊತ್ತ ಅವಳು 1857ರಲ್ಲಿ ವಿಚಾರಣೆಯ ದಿನವೇ ಕೋರ್ಟಿನಿಂದ ಕಾಣೆಯಾದಳು. ಕುಡಿಯಲು ಒಳ್ಳೆಯ ನೀರು ಎಲ್ಲಿ ಸಿಗುತ್ತದೆಂದು ಕೇಳಿದಳಂತೆ, ಟೆನ್ನೆಸಿಯಲ್ಲಿ ಸಿಗುತ್ತದೆ ಎಂದು ಲಿಂಕನ್ ಹೇಳಿದನಂತೆ. ಈ ಕಥೆಯಲ್ಲಿ ಪೀಠದ ಮೇಲಿದ್ದವನು ಡೇವಿಸ್ ಎಂದು ಕೆಲವರು ಸೇರಿಸಿ ಹೇಳುತ್ತಾರೆ, ಅದು ತಪ್ಪು. ಆ ವರ್ಷದ ಆರಂಭದಲ್ಲೇ ಈ ಕೌಂಟಿ ಡೇವಿಸ್‌ನ ಸರ್ಕಿಟ್‌ನಿಂದ ಹೊರಗೆ ಹೋಗಿತ್ತು.

ಎರಡನೆಯ ದಿನದ ಸುತ್ತು 150 ಕಿಲೋಮೀಟರ್. ಬ್ಲೂಮಿಂಗ್ಟನ್‌ನಿಂದ ದಕ್ಷಿಣಕ್ಕೆ ಹೆದ್ದಾರಿ 51ರಲ್ಲಿ ಕ್ಲಿಂಟನ್, 40 ಕಿಲೋಮೀಟರ್. ಅಲ್ಲಿಂದ ರಾಜ್ಯ ರಸ್ತೆ 54ರಲ್ಲಿ ಮೌಂಟ್ ಪುಲಾಸ್ಕಿ, ಇನ್ನೊಂದು 40. ಅಲ್ಲಿಂದ ಲಿಂಕನ್ ಪಟ್ಟಣ 20, ಮತ್ತೆ ಐ-55ರಲ್ಲಿ ಬ್ಲೂಮಿಂಗ್ಟನ್‌ಗೆ 50. ಬೆಳಿಗ್ಗೆ ಎಂಟೂವರೆಗೆ ಹೊರಟರೆ ಎಲ್ಲಿಯೂ ಓಡಬೇಕಾಗಿಲ್ಲ. ಕೆಡುವುದು ಒಂದೇ ಕಾರಣಕ್ಕೆ: ಬಾಗಿಲು ಮುಚ್ಚಿರುತ್ತದೆ. ಸಣ್ಣ ಊರಿನ ಈ ಸ್ಮಾರಕಗಳು ವಾರದ ಎಲ್ಲ ದಿನ ತೆರೆದಿರುವುದಿಲ್ಲ, ಚಳಿಗಾಲದಲ್ಲಿ ಸಮಯ ಇನ್ನೂ ಕಡಿಮೆ, ಸಿಬ್ಬಂದಿ ಒಬ್ಬಿಬ್ಬರೇ. ಮೆಟಮೋರಾ, ಮೌಂಟ್ ಪುಲಾಸ್ಕಿ, ಲಿಂಕನ್ ಪಟ್ಟಣದ ಪೋಸ್ಟ್‌ವಿಲ್, ಬ್ಲೂಮಿಂಗ್ಟನ್‌ನ ಬಂಗಲೆ, ಈ ನಾಲ್ಕೂ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಕೈಕೆಳಗಿವೆ. ಆ ವಾರದ ವೇಳೆಯನ್ನು ಫೋನಿನಲ್ಲಿ ಕೇಳಿಕೊಂಡೇ ದಿನ ಗೊತ್ತುಮಾಡಿ. ಮಂಡಿನೋವಿನವರು ಜತೆಗಿದ್ದರೆ ಮಹಡಿಯ ಮೆಟ್ಟಿಲ ವಿಷಯವನ್ನೂ ಆಗಲೇ ಕೇಳಿ, ಏಕೆಂದರೆ ನೋಡಬೇಕಾದ ನ್ಯಾಯಾಲಯದ ಕೋಣೆ ಮಹಡಿಯಲ್ಲೇ ಇರುತ್ತದೆ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಳ್ಳಲೇಬೇಕು. ಸ್ಟೇಟ್ ಫಾರ್ಮ್ ವಿಮಾ ಕಂಪನಿಯ ಕೇಂದ್ರ ಕಚೇರಿ ಇರುವುದರಿಂದ ಐಟಿ ಕೆಲಸಕ್ಕೆ ಬಂದು ನೆಲೆಸಿದ ಭಾರತೀಯ ಕುಟುಂಬಗಳು ಬ್ಲೂಮಿಂಗ್ಟನ್‌ನಲ್ಲಿ ಬಹಳ, ಕನ್ನಡದವರೂ ಇದ್ದಾರೆ. ನಮ್ಮ ದಿನಸಿಯ ಅಂಗಡಿಗಳಿವೆ, ದೇವಸ್ಥಾನವಿದೆ. ಆ ಊರು ಬಿಟ್ಟರೆ ಈ ಸುತ್ತಿನಲ್ಲಿ ಸಿಗುವುದು ಹೆಚ್ಚಾಗಿ ಬ್ರೆಡ್ಡು, ಚೀಸು, ಹುರಿದ ಆಲೂಗಡ್ಡೆ.

ಕ್ಲಿಂಟನ್‌ನಲ್ಲಿ ಹಳೆಯ ಕೋರ್ಟುಮನೆ ಉಳಿದಿಲ್ಲ. ನೋಡಬೇಕಾದದ್ದು ಕ್ಲಿಫ್ಟನ್ ಮೂರ್ ಎಂಬ ವಕೀಲನ ಮನೆ, ಈಗ ಕೌಂಟಿಯ ವಸ್ತುಸಂಗ್ರಹಾಲಯ. ಡೇವಿಸ್‌ನ ಸಿರಿವಂತಿಕೆಯ ಗುಟ್ಟು ಇಲ್ಲಿದೆ. ಸಾವಿರ ಡಾಲರ್ ಸಂಬಳದಲ್ಲಿ ಬಂಗಲೆ ಏಳುವುದಿಲ್ಲ. ಅವನು ಮೂರ್ ಜತೆ ಪಾಲುದಾರಿಕೆಯಲ್ಲಿ ಎಕರೆಗಟ್ಟಲೆ ಹುಲ್ಲುಗಾವಲು ಕೊಳ್ಳುತ್ತ ಹೋದ. ಕೌಂಟಿಯಿಂದ ಕೌಂಟಿಗೆ ಸುತ್ತುವ ನ್ಯಾಯಾಧೀಶನಿಗೆ ಯಾವ ನೆಲ ಒಣಗಿದೆ, ಯಾವುದು ಜೌಗು, ರೈಲು ಎಲ್ಲಿ ಬರಲಿದೆ ಎಂಬುದು ಕಣ್ಣಾರೆ ಗೊತ್ತಿರುತ್ತಿತ್ತು. ಇಂದಿನ ಕಣ್ಣಿಗೆ ಇದು ಸರಿಯಲ್ಲ, ತನ್ನದೇ ಸರ್ಕಿಟ್‌ನಲ್ಲಿ ಜಮೀನು ವ್ಯವಹಾರ ಮಾಡುವ ನ್ಯಾಯಾಧೀಶನನ್ನು ನಾವು ಒಪ್ಪುವುದಿಲ್ಲ. ಆ ಕಾಲದಲ್ಲಿ ಅದನ್ನು ಯಾರೂ ತಡೆಯುತ್ತಿರಲಿಲ್ಲ.

ಮೌಂಟ್ ಪುಲಾಸ್ಕಿ ಈ ಪ್ರವಾಸದ ಅತ್ಯುತ್ತಮ ನಿಲುಗಡೆ. ಎರಡು ಸಾವಿರ ಜನರೂ ಇಲ್ಲದ ಊರು, ನಡುವೆ ಸ್ವಲ್ಪ ಎತ್ತರದ ಚೌಕ, ಚೌಕದ ನಡುವೆ ಒಂಟಿಯಾಗಿ ನಿಂತ ಎರಡಂತಸ್ತಿನ ಇಟ್ಟಿಗೆ ಕೋರ್ಟುಮನೆ. 1848ರಿಂದ 1855ರವರೆಗೆ ಲೋಗನ್ ಕೌಂಟಿಯ ಕೇಂದ್ರ ಇದಾಗಿತ್ತು. ಆಮೇಲೆ ಇದೇ ಕಟ್ಟಡ ಶಾಲೆಯಾಯಿತು, ಊರ ಕಚೇರಿಯಾಯಿತು, ಅಂಚೆ ಕಚೇರಿಯೂ ಆಯಿತು. ಈಗ ಹಳೆಯ ರೂಪಕ್ಕೆ ತಂದಿದ್ದಾರೆ. ಕೆಳಗಿನ ಕೋಣೆಗಳು ಗುಮಾಸ್ತ, ಷರೀಫ್, ಖಜಾಂಚಿಗಳದು, ಮಹಡಿಯಲ್ಲಿ ಕೋರ್ಟು. ಇಲ್ಲಿ ನಡೆದಿದ್ದೆಂದು ಹೇಳುವ ಮೊಕದ್ದಮೆಯೊಂದು ಗಡಿಯಾರದ ಹಾಗೆ ಕೀಲಿ ಕೊಟ್ಟರೆ ತಾನೇ ತೂಗುವ ತೊಟ್ಟಿಲಿನ ಪೇಟೆಂಟ್ ಕುರಿತದ್ದು. ಲಿಂಕನ್ ತೊಟ್ಟಿಲನ್ನು ಕೋರ್ಟಿನಲ್ಲೇ ಚಾಲೂ ಮಾಡಿ ತೋರಿಸಿದ. ಇದು ನಿಲ್ಲುವುದು ಹೇಗೆ ಎಂದು ಡೇವಿಸ್ ಕೇಳಿದನಂತೆ. ಕೆಲವು ವಾಚಾಳಿಗಳ ಹಾಗೆ, ಶುರುವಾದರೆ ಇದಕ್ಕೆ ನಿಲ್ಲಲು ಬರುವುದಿಲ್ಲ ಎಂದು ಲಿಂಕನ್ ಉತ್ತರಿಸಿದನಂತೆ. ಊರಿನವರು ಇದನ್ನು ಅಕ್ಕರೆಯಿಂದ ಹೇಳುತ್ತಾರೆ.

ಇಂಥ ಕೋರ್ಟುಗಳಲ್ಲಿ ನಡೆದ ಬಹುಪಾಲು ಮೊಕದ್ದಮೆಗಳು ಸಾಲದ ಪತ್ರ, ಜಮೀನಿನ ಗಡಿ, ತಪ್ಪಿಸಿಕೊಂಡ ಹಂದಿ, ಮಾನನಷ್ಟ. ವಕೀಲರ ಶುಲ್ಕ ಸಾಮಾನ್ಯವಾಗಿ 5ರಿಂದ 20 ಡಾಲರ್. ಲಿಂಕನ್ ಅದಕ್ಕಿಂತಲೂ ಕಡಿಮೆ ಪಡೆಯುತ್ತಿದ್ದನೆಂದು ಡೇವಿಸ್‌ಗೆ ಸಿಟ್ಟು. ಜತೆಯ ವಕೀಲ ವಾರ್ಡ್ ಹಿಲ್ ಲಾಮನ್ ಬುದ್ಧಿ ಸ್ಥಿಮಿತವಿಲ್ಲದ ಹೆಣ್ಣುಮಗಳೊಬ್ಬಳ ಆಸ್ತಿ ಉಳಿಸಿಕೊಟ್ಟು 250 ಡಾಲರ್ ಪಡೆದಾಗ, ಲಿಂಕನ್ ಅರ್ಧ ಹಣ ವಾಪಸು ಕೊಡಿಸಿದ. ಹೀಗಾದರೆ ಇಡೀ ವಕೀಲರ ಬಳಗ ಭಿಕಾರಿಯಾಗುತ್ತದೆಂದು ಡೇವಿಸ್ ಬೈದದ್ದನ್ನೂ, ಸಂಜೆ ಹೋಟೆಲಿನಲ್ಲಿ ನಡೆಯುತ್ತಿದ್ದ ಅಣಕು ಕೋರ್ಟಿನಲ್ಲಿ ಅದಕ್ಕಾಗಿ ಲಿಂಕನ್‌ಗೆ ದಂಡ ಹಾಕಿದ್ದನ್ನೂ ಲಾಮನ್ ಬರೆದಿಟ್ಟಿದ್ದಾನೆ. ತಾನು ಊರಿಗೆ ಹೋಗಬೇಕಾದಾಗ ಡೇವಿಸ್ ಲಿಂಕನ್‌ನನ್ನೇ ಪೀಠದಲ್ಲಿ ಕೂರಿಸಿ ಹೋದದ್ದೂ ಉಂಟು. ನಮ್ಮ ಕಡೆ ಹೀಗೆ ಮಾಡಿದರೆ ಆ ದಿನದ ತೀರ್ಪುಗಳೆಲ್ಲ ಬಿದ್ದುಹೋಗುತ್ತವೆ. ಅಲ್ಲಿ ಎರಡೂ ಕಡೆಯವರು ಒಪ್ಪಿಕೊಂಡು ಕೆಲಸ ಸಾಗಿಸುತ್ತಿದ್ದರು.

ಲಿಂಕನ್ ಪಟ್ಟಣದಲ್ಲಿ ಒಂದು ಎಚ್ಚರಿಕೆ. ಅಲ್ಲಿನ ಪೋಸ್ಟ್‌ವಿಲ್ ಕೋರ್ಟುಮನೆ ಮೂಲದ್ದಲ್ಲ. 1840ರ ಮೂಲ ಕಟ್ಟಡವನ್ನು 1929ರಲ್ಲಿ ಹೆನ್ರಿ ಫೋರ್ಡ್ ಕೊಂಡು, ಬಿಚ್ಚಿ, ಮಿಷಿಗನ್‌ನ ಡಿಯರ್‌ಬಾರ್ನ್‌ಗೆ ಸಾಗಿಸಿ ತನ್ನ ಗ್ರೀನ್‌ಫೀಲ್ಡ್ ವಿಲೇಜ್‌ನಲ್ಲಿ ಮತ್ತೆ ಜೋಡಿಸಿದ. ಇಲ್ಲಿರುವುದು 1953ರಲ್ಲಿ ಕಟ್ಟಿದ ಪ್ರತಿರೂಪ. ಮೌಂಟ್ ಪುಲಾಸ್ಕಿ ನೋಡಿದವರು ಇಲ್ಲಿ ಕಾಲು ಗಂಟೆಗಿಂತ ಹೆಚ್ಚು ಕಳೆಯಬೇಕಾಗಿಲ್ಲ. ರೈಲು ನಿಲ್ದಾಣದ ಬಳಿ ಕಲ್ಲಂಗಡಿ ಹೋಳಿನ ಶಿಲ್ಪವಿದೆ: 1853ರ ಆಗಸ್ಟ್ 27ರಂದು ನಿವೇಶನಗಳ ಹರಾಜಿನ ದಿನ ಕಲ್ಲಂಗಡಿಯ ರಸ ಚೆಲ್ಲಿ ಲಿಂಕನ್ ತಾನೇ ತನ್ನ ಹೆಸರಿನ ಊರಿಗೆ ನಾಮಕರಣ ಮಾಡಿದ್ದರ ನೆನಪಿಗೆ. ಆಗ ಅವನಿನ್ನೂ ರೈಲು ಕಂಪನಿಯ ವಕೀಲ.

ಇಲ್ಲಿಂದ ಸ್ಪ್ರಿಂಗ್‌ಫೀಲ್ಡ್ ಮತ್ತೆ 50 ಕಿಲೋಮೀಟರ್. ಅದಕ್ಕೆ ಬೇರೆಯೇ ದಿನ ಇಡಿ. ಡೇವಿಸ್‌ಗೆ ಸಂಬಂಧಿಸಿದಷ್ಟು ಹೇಳುವುದಾದರೆ, 1865ರ ಏಪ್ರಿಲ್‌ನಲ್ಲಿ ಲಿಂಕನ್ ಹತ್ಯೆಯಾದಾಗ ಅವನು ಉಯಿಲು ಬರೆದಿಟ್ಟಿರಲಿಲ್ಲ. ಅಷ್ಟೊಂದು ಉಯಿಲುಗಳ ವ್ಯಾಜ್ಯ ನೋಡಿದ ವಕೀಲ ತನ್ನದನ್ನು ಬರೆದಿರಲಿಲ್ಲ. ಮಗ ರಾಬರ್ಟ್ ಕರೆಸಿದ್ದು ಡೇವಿಸ್‌ನನ್ನು. ಆಗ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿದ್ದರೂ ಅವನು ಆಸ್ತಿಯ ಆಡಳಿತ ವಹಿಸಿಕೊಂಡು, ಸರ್ಕಾರಿ ಸಾಲಪತ್ರಗಳಲ್ಲಿ ಹಣ ಬೆಳೆಸಿ, ಕೊನೆಗೆ 1,10,000 ಡಾಲರಿಗೂ ಮಿಕ್ಕಿದ ಮೊತ್ತವನ್ನು ಹೆಂಡತಿ ಮೇರಿ, ಮಕ್ಕಳಾದ ರಾಬರ್ಟ್ ಮತ್ತು ಟ್ಯಾಡ್ ಮೂವರಿಗೆ ಸಮನಾಗಿ ಹಂಚಿದ. ಕಾನೂನಿನಂತೆ ಬರಬೇಕಾದ ಶುಲ್ಕ ಪಡೆಯಲಿಲ್ಲ.

ಮೂರನೆಯ ದಿನ ಬ್ಲೂಮಿಂಗ್ಟನ್. ಊರ ನಡುವೆ ಗುಮ್ಮಟದ ಹಳೆಯ ಕೋರ್ಟುಮನೆಯಲ್ಲಿ ಮಕ್ಲೇನ್ ಕೌಂಟಿಯ ಇತಿಹಾಸ ವಸ್ತುಸಂಗ್ರಹಾಲಯವಿದೆ. ಈ ಕಟ್ಟಡ ಡೇವಿಸ್ ಕಾಲದ್ದಲ್ಲ, 1900ರ ಬೆಂಕಿಯ ನಂತರದ್ದು. ಆದರೆ ಕೋರ್ಟು ನಡೆಯುತ್ತಿದ್ದ ಚೌಕ ಇದೇ. 1857ರ ಜೂನ್‌ನಲ್ಲಿ ಲಿಂಕನ್ ಇಲ್ಲಿ ಇಲಿನಾಯ್ ಸೆಂಟ್ರಲ್ ರೈಲು ಕಂಪನಿಯ ಮೇಲೆ 5,000 ಡಾಲರ್ ಶುಲ್ಕಕ್ಕಾಗಿ ದಾವೆ ಹೂಡಿದ. ಪೀಠದಲ್ಲಿ ಡೇವಿಸ್. ಮುಂಗಡ 200 ಡಾಲರ್ ಕಳೆದು 4,800ಕ್ಕೆ ತೀರ್ಪಾಯಿತು. ಕಡಿಮೆ ಶುಲ್ಕಕ್ಕೆ ಬೈಸಿಕೊಂಡಿದ್ದ ವಕೀಲ ತನ್ನ ಬದುಕಿನ ಅತಿ ದೊಡ್ಡ ಶುಲ್ಕವನ್ನು ಅದೇ ನ್ಯಾಯಾಧೀಶನ ಮುಂದೆ ಗಿಟ್ಟಿಸಿದ್ದು.

ಬಂಗಲೆ ಇರುವುದು ಮನ್ರೋ ಡ್ರೈವ್‌ನಲ್ಲಿ, ಹೆಸರು ‘ಕ್ಲೋವರ್ ಲಾನ್’. 1870ರಿಂದ 1872ರ ನಡುವೆ ಕಟ್ಟಿದ್ದು, ಹಳದಿ ಇಟ್ಟಿಗೆ, ಮೂಲೆಗಳಿಗೆ ಕೆತ್ತಿದ ಕಲ್ಲು, ಮೂರು ಅಂತಸ್ತು, 36 ಕೋಣೆ. ವಾಸ್ತುಶಿಲ್ಪಿ ಫ್ರಾನ್ಸ್ ಮೂಲದ ಆಲ್ಫ್ರೆಡ್ ಪಿಕನಾರ್. ಸ್ಪ್ರಿಂಗ್‌ಫೀಲ್ಡ್‌ನ ಈಗಿನ ರಾಜ್ಯ ಸೌಧದ ಕೆಲಸದಲ್ಲೂ ಅವನ ಕೈ ಇದೆ. ಒಳಗೆ ಒಂಟಿಯಾಗಿ ಅಲೆಯಲು ಬಿಡುವುದಿಲ್ಲ, ಮಾರ್ಗದರ್ಶಿ ಜತೆಗೇ ಹೋಗಬೇಕು. ಟಿಕೆಟ್ ಇಲ್ಲ, ಕಾಣಿಕೆ ಕೊಡಬಹುದು. ಗುಂಪು ಹೊರಡುವ ಹೊತ್ತು ತಪ್ಪಿದರೆ ಮುಂದಿನದಕ್ಕೆ ಕಾಯಬೇಕು. ಆ ಹೊತ್ತನ್ನು ಸಾರಾಳ ತೋಟಕ್ಕೆ ಕೊಡಿ. 1872ರ ವಿನ್ಯಾಸದಲ್ಲೇ ಉಳಿಸಿಕೊಂಡ ಗುಲಾಬಿ ಮತ್ತು ಹೂಪಾತಿಗಳಿವೆ, ಜೂನ್‌ನಲ್ಲಿ ತುಂಬಿರುತ್ತವೆ.

ಮನೆಯೊಳಗೆ ಎಲ್ಲರೂ ಬೈಠಕ್ಕಿನ ಅಮೃತಶಿಲೆಯ ಅಗ್ಗಿಷ್ಟಿಕೆಗಳ ಮುಂದೆ ನಿಲ್ಲುತ್ತಾರೆ. ನೀವು ಅಡುಗೆಮನೆ ಮತ್ತು ಬಚ್ಚಲನ್ನು ಸಾವಕಾಶವಾಗಿ ನೋಡಿ. ಬೀಡುಕಬ್ಬಿಣದ ದೊಡ್ಡ ಒಲೆ, ಕಲ್ಲಿದ್ದಲ ಕುಲುಮೆಯಿಂದ ಕೋಣೆಗಳಿಗೆ ಹರಿಯುವ ಬಿಸಿಗಾಳಿ, ಗ್ಯಾಸ್ ದೀಪ, ನಲ್ಲಿಯಲ್ಲಿ ಬಿಸಿ ಮತ್ತು ತಣ್ಣೀರು, ಮನೆಯೊಳಗೇ ಶೌಚಾಲಯ. 1872ರಲ್ಲಿ, ಹುಲ್ಲುಗಾವಲಿನ ಊರೊಂದರಲ್ಲಿ ಇವು ಅಪರೂಪ. ಡೇವಿಸ್ ವರ್ಷದ ಬಹುಕಾಲ ವಾಷಿಂಗ್ಟನ್‌ನಲ್ಲಿರುತ್ತಿದ್ದ; ಈ ಮನೆ ಸಾರಾಳ ಮನೆ. 1838ರಲ್ಲಿ ಮದುವೆಯಾಗಿ ಬಂದ ಅವಳು ಕೈಕೂಸುಗಳನ್ನು ಕಳೆದುಕೊಂಡಿದ್ದಳು; ಬೆಳೆದು ಉಳಿದದ್ದು ಜಾರ್ಜ್ ಮತ್ತು ಸ್ಯಾಲಿ ಇಬ್ಬರೇ. ಹೊಸ ಮನೆಯಲ್ಲಿ ಅವಳಿಗೆ ಸಿಕ್ಕಿದ್ದು ಏಳು ವರ್ಷ, 1879ರಲ್ಲಿ ತೀರಿಕೊಂಡಳು.

ಮನೆ ಮುಗಿದ ವರ್ಷವೇ, 1872ರಲ್ಲಿ, ಲೇಬರ್ ರಿಫಾರ್ಮ್ ಪಕ್ಷ ಡೇವಿಸ್‌ನನ್ನು ಅಧ್ಯಕ್ಷ ಸ್ಥಾನಕ್ಕೆ ಹೆಸರಿಸಿತು. ಅವನು ಪೀಠದಲ್ಲಿದ್ದುಕೊಂಡೇ ಇನ್ನೊಂದು ಬಣದ ಬೆಂಬಲಕ್ಕೂ ಕಾದು, ಅದು ಸಿಗದೆ ಹಿಂದೆ ಸರಿದ. ಇದು ಅವನ ಬದುಕಿನಲ್ಲಿ ನನಗೆ ಒಪ್ಪದ ಅಧ್ಯಾಯ. 1877ರದ್ದು ಇದಕ್ಕಿಂತ ದೊಡ್ಡ ಸಂಗತಿ. ರಿಪಬ್ಲಿಕನ್ ಪಕ್ಷದ ಹೇಸ್ ಮತ್ತು ಡೆಮಾಕ್ರಾಟ್ ಪಕ್ಷದ ಟಿಲ್ಡನ್ ನಡುವಿನ ಅಧ್ಯಕ್ಷೀಯ ಚುನಾವಣೆ ತಕರಾರಿಗೆ ಬಿದ್ದು, ಐವರು ಸೆನೆಟರು, ಕೆಳಮನೆಯ ಐವರು ಪ್ರತಿನಿಧಿಗಳು, ಐವರು ನ್ಯಾಯಮೂರ್ತಿಗಳ ಆಯೋಗ ರಚನೆಯಾಯಿತು. ಹದಿನಾಲ್ಕು ಜನ ಪಕ್ಷದ ಲೆಕ್ಕದಲ್ಲಿ ಏಳು-ಏಳು. ಹದಿನೈದನೆಯವನು ಯಾವ ಪಕ್ಷಕ್ಕೂ ಸೇರದ ಡೇವಿಸ್ ಆಗುತ್ತಾನೆಂದು ಎಲ್ಲರ ನಿರೀಕ್ಷೆ. ಅಷ್ಟರಲ್ಲಿ ಇಲಿನಾಯ್ ಶಾಸನಸಭೆ ಡೆಮಾಕ್ರಾಟರ ಬೆಂಬಲದಿಂದ ಅವನನ್ನು ಸೆನೆಟಿಗೆ ಆರಿಸಿಬಿಟ್ಟಿತು. ಹಂಗಿಗೆ ಬೀಳುತ್ತಾನೆಂದು ಅವರು ಎಣಿಸಿದ್ದರು. ಅವನು ಆಯೋಗದಲ್ಲಿ ಕೂರಲು ಒಪ್ಪಲೇ ಇಲ್ಲ. ಆ ಜಾಗಕ್ಕೆ ಬಂದ ಜೋಸೆಫ್ ಬ್ರಾಡ್ಲಿ ರಿಪಬ್ಲಿಕನ್ನರ ಕಡೆ ವಾಲಿದ, ಎಂಟಕ್ಕೆ ಏಳರಂತೆ ಹೇಸ್ ಅಧ್ಯಕ್ಷನಾದ. ಡೇವಿಸ್ ಕೂತಿದ್ದರೆ ಏನಾಗುತ್ತಿತ್ತು ಎಂಬ ವಾದ ಇನ್ನೂ ಮುಗಿದಿಲ್ಲ. 1881ರಲ್ಲಿ ಅಧ್ಯಕ್ಷ ಗಾರ್‌ಫೀಲ್ಡ್ ಹತ್ಯೆಯಾಗಿ ಉಪಾಧ್ಯಕ್ಷ ಆರ್ಥರ್ ಆ ಸ್ಥಾನಕ್ಕೇರಿದಾಗ, ಸೆನೆಟಿನಲ್ಲಿ ಎರಡೂ ಪಕ್ಷ 37-37. ಪಕ್ಷೇತರ ಡೇವಿಸ್ ಸೆನೆಟಿನ ಹಂಗಾಮಿ ಅಧ್ಯಕ್ಷನಾಗಿ, 1883ರ ಮಾರ್ಚ್‌ವರೆಗೆ ದೇಶದ ಅಧ್ಯಕ್ಷಗಿರಿಗೆ ಮುಂದಿನ ಹಕ್ಕುದಾರನಾಗಿದ್ದ. ಅದೇ ತಿಂಗಳು ನಿವೃತ್ತನಾಗಿ, ಅಡಲೈನ್ ಬರ್ ಎಂಬವಳನ್ನು ಮದುವೆಯಾಗಿ ಈ ಮನೆಗೆ ಮರಳಿದ. 1886ರ ಜೂನ್ 26ರಂದು ತೀರಿಕೊಂಡ. ಸಮಾಧಿ ಊರಿನ ಎವರ್‌ಗ್ರೀನ್ ಸ್ಮಶಾನದಲ್ಲಿದೆ. ಅವನಿಗೆ ವಕೀಲಿ ಮಾರಿದ ಜೆಸ್ಸಿ ಫೆಲ್‌ನದೂ ಅಲ್ಲೇ. ಸ್ಮಶಾನ ದೊಡ್ಡದು, ಕಚೇರಿಯಲ್ಲಿ ನಕ್ಷೆ ಕೇಳಿ ಪಡೆದರೆ ಸುತ್ತುವುದು ತಪ್ಪುತ್ತದೆ.

ಇಷ್ಟು ನೋಡಿದವರು ವಾಷಿಂಗ್ಟನ್‌ಗೂ ಹೋಗುವುದಾದರೆ ಒಂದು ಕೋಣೆ ಬಾಕಿ ಇದೆ. 1862ರ ಅಕ್ಟೋಬರ್‌ನಲ್ಲಿ ಲಿಂಕನ್ ಡೇವಿಸ್‌ನನ್ನು ಸುಪ್ರೀಂ ಕೋರ್ಟಿಗೆ ನೇಮಿಸಿದ. ಇಬ್ಬರಿಗೂ ಎಲ್ಲದರಲ್ಲೂ ಒಮ್ಮತವಿರಲಿಲ್ಲ. ಗುಲಾಮರ ವಿಮೋಚನೆಯ ಘೋಷಣೆಯನ್ನು ಬದಲಿಸೆಂದು ಡೇವಿಸ್ ಒತ್ತಾಯಿಸಿದ್ದ, ಲಿಂಕನ್ ಕದಲಲಿಲ್ಲ. ಅಲ್ಲಿ ಲಿಂಕನ್ ಸರಿ. ಆದರೆ ಇನ್ನೊಂದರಲ್ಲಿ ಡೇವಿಸ್ ಸರಿ. ಅಂತರ್ಯುದ್ಧದ ಕಾಲದಲ್ಲಿ, 1864ರ ಅಕ್ಟೋಬರ್ 5ರಂದು, ಇಂಡಿಯಾನಾದ ಲ್ಯಾಂಬ್ಡಿನ್ ಮಿಲಿಗನ್ ಎಂಬ ನಾಗರಿಕನನ್ನು ಸೇನೆ ಬಂಧಿಸಿ, ಇಂಡಿಯಾನಾಪೊಲಿಸ್‌ನಲ್ಲಿ ಸೇನಾ ನ್ಯಾಯಮಂಡಳಿಯ ಮುಂದೆ ನಿಲ್ಲಿಸಿ ಗಲ್ಲು ವಿಧಿಸಿತು. ಆಮೇಲೆ ಅದನ್ನು ಜೀವಾವಧಿಗೆ ಇಳಿಸಿದರು. ಆ ರಾಜ್ಯದಲ್ಲಿ ಯುದ್ಧ ನಡೆಯುತ್ತಿರಲಿಲ್ಲ, ಸಾಮಾನ್ಯ ಕೋರ್ಟುಗಳು ತೆರೆದೇ ಇದ್ದವು. 1866ರ ಮಾರ್ಚ್‌ನಲ್ಲಿ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂದಾಗ ಮಿಲಿಗನ್ ಪರ ವಾದಿಸಿದವರಲ್ಲಿ ಮುಂದೆ ಅಧ್ಯಕ್ಷನಾದ ಗಾರ್‌ಫೀಲ್ಡ್ ಒಬ್ಬ. ಒಂಬತ್ತೂ ಜನ ಬಿಡುಗಡೆಗೆ ಒಪ್ಪಿದರು. ಬಹುಮತದ ತೀರ್ಪು ಬರೆದ ಡೇವಿಸ್ ಇನ್ನೂ ಮುಂದೆ ಹೋದ: ಸಂವಿಧಾನ ಆಳುವವರಿಗೂ ಜನರಿಗೂ, ಯುದ್ಧದಲ್ಲೂ ಶಾಂತಿಯಲ್ಲೂ ಒಂದೇ ಕಾನೂನು, ಕೋರ್ಟುಗಳು ತೆರೆದಿರುವಾಗ ನಾಗರಿಕನನ್ನು ಸೇನೆ ವಿಚಾರಿಸುವಂತಿಲ್ಲ, ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಒಪ್ಪಿಗೆ ಕೊಟ್ಟರೂ ಇಲ್ಲ. ಈ ಕೊನೆಯ ಮಾತಿಗೆ ನಾಲ್ವರು ಒಪ್ಪಲಿಲ್ಲ. ತನ್ನನ್ನು ಪೀಠಕ್ಕೇರಿಸಿದ ಗೆಳೆಯನ ಸರ್ಕಾರದ ಕ್ರಮವನ್ನು ಅವನು ಹೀಗೆ ತಳ್ಳಿಹಾಕಿದ.

ಕನ್ನಡ ಓದುಗರಿಗೆ ಈ ತೀರ್ಪು ದೂರದ್ದಲ್ಲ. 1975ರ ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರು ಕರ್ನಾಟಕ ಹೈಕೋರ್ಟಿಗೆ ಬಂಧನವನ್ನು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದ್ದರು. ಅಂಥ ಅರ್ಜಿಗಳನ್ನು ಕೇಳುವಂತೆಯೇ ಇಲ್ಲವೆಂದು 1976ರ ಏಪ್ರಿಲ್ 28ರಂದು ನಮ್ಮ ಸುಪ್ರೀಂ ಕೋರ್ಟ್ ನಾಲ್ಕಕ್ಕೆ ಒಂದರಂತೆ ತೀರ್ಪಿತ್ತಿತು. ಒಪ್ಪದ ಒಬ್ಬರು ನ್ಯಾಯಮೂರ್ತಿ ಎಚ್.ಆರ್. ಖನ್ನಾ. ಆ ತೀರ್ಪನ್ನು ಕೋರ್ಟು ಸ್ಪಷ್ಟವಾಗಿ ರದ್ದುಮಾಡಿದ್ದು 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ.

ಮಿಲಿಗನ್ ಮೊಕದ್ದಮೆ ನಡೆದದ್ದು ಅಮೆರಿಕದ ಸಂಸತ್ ಭವನವಾದ ಕ್ಯಾಪಿಟಲ್ ಕಟ್ಟಡದ ಹಳೆಯ ಸೆನೆಟ್ ಸಭಾಂಗಣದಲ್ಲಿ. 1860ರಿಂದ 1935ರವರೆಗೆ ಸುಪ್ರೀಂ ಕೋರ್ಟ್ ಕೂರುತ್ತಿದ್ದದ್ದು ಅಲ್ಲೇ. ಕೆಳಗಿನ ಅಂತಸ್ತಿನಲ್ಲಿ ‘ಹಳೆಯ ಸುಪ್ರೀಂ ಕೋರ್ಟ್ ಕೋಣೆ’ ಎಂಬ ಫಲಕವಿರುವುದು ಬೇರೆ, ಅದು 1860ಕ್ಕೆ ಮೊದಲಿನದು, ಡೇವಿಸ್ ಅಲ್ಲಿ ಕೂತವನಲ್ಲ. ಕ್ಯಾಪಿಟಲ್ ಪ್ರವಾಸಕ್ಕೆ ಶುಲ್ಕವಿಲ್ಲ, ಮೊದಲೇ ಹೆಸರು ನೋಂದಾಯಿಸಿ. ಸಾಮಾನ್ಯ ಸುತ್ತಿನಲ್ಲಿ ಈ ಸಭಾಂಗಣ ಸೇರಿರುವುದಿಲ್ಲ. ಅಂದು ಅದು ತೆರೆದಿದೆಯೇ, ಬೇರೆ ಗುಂಪು ಹೋಗುತ್ತದೆಯೇ ಎಂದು ಸಂದರ್ಶಕರ ಕೇಂದ್ರದಲ್ಲಿ ಬೆಳಿಗ್ಗೆಯೇ ವಿಚಾರಿಸಬೇಕು. ಕೋಣೆಯನ್ನು 1850ರ ದಶಕದ ಸೆನೆಟಿನ ರೂಪಕ್ಕೆ ಮರಳಿಸಿರುವುದರಿಂದ ಕಾಣುವುದು ಸೆನೆಟರುಗಳ ಸಣ್ಣ ಮೇಜುಗಳ ಅರ್ಧವೃತ್ತ. ನ್ಯಾಯಮೂರ್ತಿಗಳ ಸಾಲು ಇದ್ದದ್ದು ಎದುರಿನ ವೇದಿಕೆಯ ಕಡೆ.